ನಕ್ಷೆ ಕೇಳಲು ಬಂದವರಿಗೆ ಚಿತ್ರ ತೋರಿಸುವುದು

ವಿಸಿಟರ್ ಸೆಂಟರಿಗೆ, ಅಂದರೆ ಪ್ರವಾಸಿಗಳ ಮಾಹಿತಿ ಕೇಂದ್ರಕ್ಕೆ, ಬರುವವರು ಚಿತ್ರ ನೋಡಲೆಂದು ಬಂದಿರುವುದಿಲ್ಲ. ಅವರಿಗೆ ನಕ್ಷೆ ಬೇಕು, ಶೌಚಾಲಯ ಎಲ್ಲಿದೆ ಅಂತ ಕೇಳಬೇಕು, ಮಳೆ ನಿಲ್ಲುವ ತನಕ ಒಳಗೆ ನಿಲ್ಲಬೇಕು. ಅಂಥವರ ಎದುರಿನ ಗೋಡೆ ನಮ್ಮದು. ನಾನು ಜಲವರ್ಣದಲ್ಲಿ ಕೆಲಸ ಮಾಡುತ್ತೇನೆ. ಸುತ್ತಮುತ್ತಲಿನ ಕಲಾವಿದರ ಜೊತೆ ಸೇರಿ ಇಂಥ ಸೆಂಟರಿನೊಳಗಿನ ಸಮುದಾಯ ಗ್ಯಾಲರಿಯಲ್ಲಿ ಹಲವು ಸಲ ಪ್ರದರ್ಶನ ಮಾಡಿದ್ದೇನೆ. ದೊಡ್ಡ ಗ್ಯಾಲರಿಗಿಂತ ಈ ಗೋಡೆಯೇ ನನಗೆ ಹೆಚ್ಚು ಇಷ್ಟ. ಇಲ್ಲಿ ಚಿತ್ರ ನೋಡಿದವರು ಸ್ವಲ್ಪ ಹೊತ್ತಿಗೇ ಅದೇ ಜಾಗಕ್ಕೆ ನಡೆದು ಹೋಗುತ್ತಾರೆ. ಇಲ್ಲವೇ ಈಗಷ್ಟೇ ಅಲ್ಲಿಂದ ಬಂದಿರುತ್ತಾರೆ.

ಹಾಗಾಗಿ ಆಯ್ಕೆಗೆ ಕೂತಾಗ ನಾವು ಕೇಳಿಕೊಳ್ಳುವ ಮೊದಲ ಪ್ರಶ್ನೆ ಇದು: ಬಂದವರು ತಾವಾಗಿಯೇ ನೋಡಲಾಗದ್ದು ಈ ಚಿತ್ರದಲ್ಲಿ ಏನಿದೆ? ಅವರು ಒಂದೆರಡು ದಿನ ಇದ್ದು ಹೋಗುತ್ತಾರೆ. ನಾವು ವರ್ಷವಿಡೀ ಇಲ್ಲೇ ಇರುತ್ತೇವೆ. ತುಂಬಿ ಹರಿಯುವ ಜಲಪಾತವನ್ನು ಅವರು ಹೇಗೂ ಫೋನಿನಲ್ಲಿ ತೆಗೆದುಕೊಳ್ಳುತ್ತಾರೆ. ಅದೇ ಜಲಪಾತ ಬತ್ತಿದಾಗ ಬಂಡೆ ಹೇಗಿರುತ್ತದೆ, ಬೆಳಗಿನ ಜಾವ ಕಣಿವೆಯಲ್ಲಿ ಮಂಜು ಎಲ್ಲಿಯವರೆಗೆ ಏರುತ್ತದೆ, ಗಾಳಿಗೆ ಮರ ಯಾವ ಕಡೆ ಬಾಗಿ ಬೆಳೆದಿದೆ, ಇವೆಲ್ಲ ಊರಲ್ಲಿ ಇರುವವರಿಗೆ ಮಾತ್ರ ಗೊತ್ತು. ಸ್ಥಳೀಯ ಕಲಾವಿದರ ಬಲ ಇರುವುದೇ ಅಲ್ಲಿ. ಪೋಸ್ಟ್‌ಕಾರ್ಡಿನಲ್ಲಿ ಬರುವ ನೋಟವನ್ನೇ ನಾವೂ ಬಿಡಿಸಿಟ್ಟರೆ ನಮ್ಮ ಅಗತ್ಯವೇನು?

ಹಾಗಂತ ಗುರುತು ಹಿಡಿಯುವಂಥ ದೃಶ್ಯವೇ ಆಗಬೇಕೆಂದಿಲ್ಲ. ನಮ್ಮ ಗುಂಪಿನಲ್ಲಿ ಬಟ್ಟೆಯಲ್ಲಿ ಕೆಲಸ ಮಾಡುವವರೊಬ್ಬರಿದ್ದಾರೆ. ಬಂಡೆಯ ಮೇಲಿನ ಕಲ್ಲಹೂವಿನ ಬೂದು, ಹಳದಿ, ತಿಳಿ ಹಸಿರು ಇಷ್ಟನ್ನೇ ತೆಗೆದುಕೊಂಡು ತುಂಡು ಬಟ್ಟೆ ಜೋಡಿಸಿ ಹೊಲಿದಿದ್ದರು. ಅದರಲ್ಲಿ ಬೆಟ್ಟವೂ ಇಲ್ಲ, ಬಂಡೆಯ ಆಕಾರವೂ ಇಲ್ಲ. ಆದರೆ ಚಾರಣ ಮುಗಿಸಿ ಬಂದವರು ಅದರ ಮುಂದೆ ನಿಂತು, ‘ಓ, ಇದು ಮೇಲೆ ನೋಡಿದ್ವಲ್ಲ ಅದು’ ಅಂದರು.

ಚಿತ್ರಕ್ಕೂ ಪ್ರವಾಸಿಗಳಿಗೂ ಇರುವ ನಂಟು ಹಳೆಯದು. 1871ರಲ್ಲಿ ಅಮೆರಿಕದ ಯೆಲ್ಲೊಸ್ಟೋನ್ ಪ್ರದೇಶದ ಸರ್ವೆಗೆ ಹೋದ ತಂಡದಲ್ಲಿ ಥಾಮಸ್ ಮೊರಾನ್ ಎಂಬ ಚಿತ್ರಕಾರ ಇದ್ದರು, ವಿಲಿಯಂ ಹೆನ್ರಿ ಜಾಕ್ಸನ್ ಎಂಬ ಫೋಟೊಗ್ರಾಫರ್ ಕೂಡ. ಅಲ್ಲಿಗೆ ಎಂದೂ ಹೋಗದ ಜನಪ್ರತಿನಿಧಿಗಳು ಇವರ ಚಿತ್ರ, ಫೋಟೊಗಳನ್ನು ನೋಡಿದರು. ಮರುವರ್ಷವೇ ಅದು ನ್ಯಾಷನಲ್ ಪಾರ್ಕ್ ಆಯಿತು. ನೋಡಿ ಬಿಡಿಸಿದ ಚಿತ್ರಕ್ಕೆ ಅಷ್ಟು ಶಕ್ತಿ ಇದೆ ಅಂತ ನಾನು ಮನಸಾರೆ ನಂಬುತ್ತೇನೆ.

ಇನ್ನು ಗೋಡೆಯ ವಿಷಯ. ಇಂಥ ಕಟ್ಟಡಗಳನ್ನು ಹೊರಗಿನ ನೋಟ ಕಾಣಲಿ ಅಂತಲೇ ಕಟ್ಟಿರುತ್ತಾರೆ. ದೊಡ್ಡ ದೊಡ್ಡ ಗಾಜಿನ ಕಿಟಕಿ, ತುಂಬ ಬೆಳಕು. ನೋಡುವವರಿಗೆ ಚೆನ್ನ, ಚಿತ್ರಕ್ಕೆ ಕಷ್ಟ. ಕಾಗದದ ಮೇಲಿನ ಜಲವರ್ಣಕ್ಕೆ ಮ್ಯೂಸಿಯಂಗಳು ಸಾಮಾನ್ಯವಾಗಿ 50 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಬೆಳಕು ಸಾಕು ಅನ್ನುತ್ತವೆ, ತೈಲವರ್ಣಕ್ಕೆ ಸುಮಾರು 200. ಬಿಸಿಲು ಬೀಳುವ ಕಿಟಕಿ ಪಕ್ಕ ಅದು ಸಾವಿರಗಟ್ಟಲೆ ಇರುತ್ತದೆ. ಬೆಳಕಿನಿಂದ ಆದ ಹಾನಿ ಕೂಡುತ್ತಲೇ ಹೋಗುತ್ತದೆ. ಆಮೇಲೆ ಚಿತ್ರವನ್ನು ಕತ್ತಲಲ್ಲಿಟ್ಟರೂ ಮಾಸಿದ ಬಣ್ಣ ವಾಪಸ್ ಬರುವುದಿಲ್ಲ. ಅದಕ್ಕೇ ನಾನು ಗೋಡೆ ನೋಡಲು ಹೋಗುವಾಗ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹೋಗುತ್ತೇನೆ. ಬಿಸಿಲು ಎಲ್ಲಿಂದ ಎಲ್ಲಿಗೆ ಸರಿಯುತ್ತದೆ ಅಂತ ಗೋಡೆಯ ಒಂದು ನಕ್ಷೆ ಬರೆದುಕೊಳ್ಳುತ್ತೇನೆ. ಫೋನಿನ ಲಕ್ಸ್ ಆ್ಯಪ್ ಪಕ್ಕಾ ಲೆಕ್ಕ ಕೊಡದಿದ್ದರೂ ಯಾವ ಮೂಲೆಗೆ ಜಾಸ್ತಿ, ಯಾವುದಕ್ಕೆ ಕಡಿಮೆ ಅಂತ ಹೇಳುತ್ತದೆ. ಬಿಸಿಲು ಮುಟ್ಟುವ ಕಡೆ ಮಣ್ಣಿನ ಕೆಲಸ, ಕಲ್ಲಿನ ಕೆತ್ತನೆ. ಒಳಗೋಡೆಗೆ ಜಲವರ್ಣ, ಬಟ್ಟೆ, ಫೋಟೊ.

ಬಣ್ಣ ಕೊಳ್ಳುವಾಗಲೇ ಈ ಗೋಡೆಯ ನೆನಪು ಇದ್ದರೆ ಒಳ್ಳೆಯದು. ಅಸಲಿ ಆಲಿಜರಿನ್ ಕ್ರಿಮ್ಸನ್ ಎಂಬ ಕಡುಗೆಂಪು ಎಷ್ಟು ಚೆಂದ ಇದ್ದರೂ ಬೆಳಕಿಗೆ ಬೇಗ ಮಾಸುತ್ತದೆ, ತೆಳುವಾಗಿ ಹಚ್ಚಿದಾಗಲಂತೂ ಇನ್ನೂ ಬೇಗ. ಕ್ವಿನಾಕ್ರಿಡೋನ್ ಬಗೆಯ ಕೆಂಪು ತಡೆದುಕೊಳ್ಳುತ್ತದೆ. ಟ್ಯೂಬಿನ ಮೇಲೆ ಎಎಸ್‌ಟಿಎಂ ಲೈಟ್‌ಫಾಸ್ಟ್‌ನೆಸ್ (ಬಣ್ಣ ಬೆಳಕನ್ನು ಎಷ್ಟು ತಡೆಯುತ್ತದೆ ಅನ್ನುವ ಅಂಕಿ) 1 ಅಥವಾ 2 ಇದ್ದರೆ ಮಾತ್ರ ಪ್ರದರ್ಶನದ ಚಿತ್ರಕ್ಕೆ ಬಳಸುತ್ತೇನೆ.

ಗಾಜಿನ ವಿಷಯದಲ್ಲೂ ಎರಡು ಮಾತು. 2 ಮಿಲಿಮೀಟರ್ ದಪ್ಪದ ಗಾಜು ಒಂದು ಚದರ ಮೀಟರಿಗೆ ಸುಮಾರು 5 ಕಿಲೊ ತೂಗುತ್ತದೆ. ಅದೇ ದಪ್ಪದ ಅಕ್ರಿಲಿಕ್ ಹಾಳೆ ಅದರ ಅರ್ಧ. ಮಕ್ಕಳು ಓಡಾಡುವ, ಬೆನ್ನಿಗೆ ದೊಡ್ಡ ಬ್ಯಾಗು ಹಾಕಿಕೊಂಡು ಜನ ತಿರುಗುವ ಜಾಗ ಇದು. ದೊಡ್ಡ ಫ್ರೇಮಿಗೆ ಅಕ್ರಿಲಿಕ್ಕೇ ವಾಸಿ. ಗೀರು ಬೇಗ ಬೀಳುತ್ತದೆ ಅನ್ನೋದು ನಿಜ, ಆದರೆ ಯಾರ ಕಾಲಿಗೂ ಗಾಜಿನ ಚೂರು ಚುಚ್ಚುವುದಿಲ್ಲ.

ತೂಗು ಹಾಕುವ ಲೆಕ್ಕ ಹೊಸಬರು ಯಾವಾಗಲೂ ಕೇಳುತ್ತಾರೆ. ಬರೆದೇ ಬಿಡುತ್ತೇನೆ. ಚಿತ್ರದ ಮಧ್ಯಭಾಗ ನೆಲದಿಂದ 145ರಿಂದ 152 ಸೆಂಟಿಮೀಟರ್ ಎತ್ತರದಲ್ಲಿ ಬರುವಂತೆ ಹಾಕುವುದು ಗ್ಯಾಲರಿಗಳ ರೂಢಿ. ಇಲ್ಲಿ ಮಕ್ಕಳೂ ಗಾಲಿಕುರ್ಚಿಯವರೂ ಬರುವುದರಿಂದ ನಾನು 145 ಇಟ್ಟುಕೊಳ್ಳುತ್ತೇನೆ. ಫ್ರೇಮಿನ ಎತ್ತರ 60 ಸೆಂಟಿಮೀಟರ್ ಅಂದುಕೊಳ್ಳಿ. ಅದರ ಅರ್ಧ 30. ಹಿಂದಿನ ತಂತಿಯನ್ನು ಬೆರಳಿನಿಂದ ಮೇಲಕ್ಕೆ ಎಳೆದು ಹಿಡಿಯಿರಿ. ಅದು ಫ್ರೇಮಿನ ಮೇಲಂಚಿನಿಂದ 8 ಸೆಂಟಿಮೀಟರ್ ಕೆಳಗೆ ನಿಂತಿತು ಅನ್ನಿ. 30ರಲ್ಲಿ 8 ಕಳೆದರೆ 22. 145ಕ್ಕೆ 22 ಸೇರಿಸಿದರೆ 167. ಹುಕ್ ಬರಬೇಕಾದ್ದು ಅಲ್ಲಿ. ತಂತಿ ಕಟ್ಟುವ ಡಿ-ರಿಂಗ್ ಫ್ರೇಮಿನ ಮೇಲಿನಿಂದ ಮೂರನೇ ಒಂದು ಭಾಗದಲ್ಲಿರಲಿ. ಒಂದು ಹುಕ್ಕಿನ ಬದಲು ಎರಡು ಹೊಡೆದರೆ ಬಾಗಿಲು ಬಡಿದಾಗಲೆಲ್ಲ ಚಿತ್ರ ವಾಲುವುದಿಲ್ಲ. ರಸಮಟ್ಟ ಹಿಡಿದು ನೋಡಿ, ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಹೋಗಿ ಬರಿಗಣ್ಣಿನಿಂದಲೂ ನೋಡಿ. ಹಳೇ ಕಟ್ಟಡದಲ್ಲಿ ಸೂರೇ ವಾಲಿದ್ದರೆ ಕಣ್ಣಿನ ಮಾತು ಕೇಳಬೇಕಾಗುತ್ತದೆ.

ಒಳ್ಳೇ ಚಿತ್ರವನ್ನು ಬಾಗಿಲ ಪಕ್ಕ ಹಾಕಬೇಡಿ. ಒಳಗೆ ಬಂದವರ ಕಣ್ಣು ಕೌಂಟರ್ ಹುಡುಕುತ್ತಿರುತ್ತದೆ. ಕೌಂಟರಿನಲ್ಲಿ ಸಾಲು ನಿಂತಾಗ ಎಲ್ಲಿಗೆ ಕಣ್ಣು ಹೋಗುತ್ತದೋ ಅದೇ ಆ ಕಟ್ಟಡದ ಅತ್ಯುತ್ತಮ ಗೋಡೆ.

ಈಗ ನನಗೆ ತುಂಬಾ ಮುಖ್ಯ ಅನಿಸುವ ವಿಷಯ: ಚಿತ್ರದ ಪಕ್ಕದ ಚೀಟಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಜನ ಒಂದು ಕೃತಿಯನ್ನು ಎಷ್ಟು ಹೊತ್ತು ನೋಡುತ್ತಾರೆ ಅಂತ ಅಳೆದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಸರಾಸರಿ 27 ಸೆಕೆಂಡು. ಅರ್ಧದಷ್ಟು ಸಲ 17 ಸೆಕೆಂಡಿಗಿಂತಲೂ ಕಡಿಮೆ. ಅದೂ ಚಿತ್ರ ನೋಡಲೆಂದೇ ಬಂದವರು! ನಮ್ಮ ಗೋಡೆಯ ಮುಂದೆ ಅಷ್ಟೂ ಸಿಗುತ್ತದೆ ಅಂತ ಅಂದುಕೊಳ್ಳಬಾರದು. ಆ ಸ್ವಲ್ಪ ಹೊತ್ತಿನಲ್ಲಿ ಅವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ. ‘ಇದು ಎಲ್ಲಿ?’ ಚೀಟಿ ಅದಕ್ಕೆ ಮೊದಲು ಉತ್ತರ ಕೊಡಬೇಕು.

ಕಲಾವಿದರು ಬರೆದು ತರುವ ಚೀಟಿ ಹೀಗಿರುತ್ತದೆ: ‘ಮೌನರಾಗ, ಜಲವರ್ಣ, 38 x 56 ಸೆಂ.ಮೀ.’ ನಾವು ಜೊತೆಗೆ ಕೂತು ಮಾತಾಡುತ್ತಾ ಬರೆದ ಮೇಲೆ ಅದು ಹೀಗಾಗುತ್ತದೆ: ‘ಈ ಕಟ್ಟಡದ ಹಿಂದಿನ ಕಾಲುದಾರಿಯಲ್ಲಿ ಸಿಗುವ ಎರಡನೇ ಸೇತುವೆ. ಮಳೆ ನಿಂತ ಮರುದಿನ ಬೆಳಿಗ್ಗೆ ಬಿಡಿಸಿದ್ದು. ಎಡಗಡೆಯ ಬಂಡೆ ನೀರು ಇಳಿದಾಗ ಮಾತ್ರ ಪೂರ್ತಿ ಕಾಣುತ್ತದೆ.’ ಶೀರ್ಷಿಕೆ ಮೇಲೆ ಹಾಗೇ ಇರುತ್ತದೆ, ಅದು ಕಲಾವಿದರ ಹಕ್ಕು. ಆದರೆ ಕೆಳಗಿನ ಮೂರು ಸಾಲು ಓದಿದವರು ಮತ್ತೆ ಚಿತ್ರದ ಕಡೆ ತಿರುಗಿ ಎಡಗಡೆಯ ಬಂಡೆ ಹುಡುಕುತ್ತಾರೆ. ಎಷ್ಟೋ ಜನ ಸೇತುವೆ ನೋಡಲು ಹೊರಡುತ್ತಾರೆ. ವಾಪಸ್ ಬಂದು, ನೀರು ಈಗ ಬಂಡೆಯ ಎಲ್ಲಿವರೆಗೆ ಇದೆ ಅಂತ ಕೌಂಟರಿನಲ್ಲಿ ಹೇಳಿ ಹೋದವರೂ ಇದ್ದಾರೆ. ಅಕ್ಷರ ದೊಡ್ಡದಿರಲಿ, 18 ಪಾಯಿಂಟಿಗಿಂತ ಸಣ್ಣದು ಬೇಡ. ಚೀಟಿ ಎಲ್ಲಾ ಚಿತ್ರಕ್ಕೂ ಒಂದೇ ಎತ್ತರದಲ್ಲಿ, ಒಂದೇ ಬದಿಯಲ್ಲಿ ಇರಲಿ.

ಕೌಂಟರಿನಲ್ಲಿ ಕೂರುವವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನ ಪ್ರಕಾರ ಉದ್ಘಾಟನೆಗಿಂತ ಮುಖ್ಯ ಅವರ ಜೊತೆ ಕಳೆಯುವ ಒಂದು ಗಂಟೆ. ಚಿತ್ರ ಹಾಕಿ ಮುಗಿದ ದಿನ ಅವರನ್ನು ಗೋಡೆಯ ಉದ್ದಕ್ಕೂ ಕರೆದುಕೊಂಡು ಹೋಗುತ್ತೇವೆ. ಯಾವುದು ಎಲ್ಲಿ ಬಿಡಿಸಿದ್ದು, ಯಾರು ಬಿಡಿಸಿದ್ದು, ಹೇಗೆ ಅಂತ ಹೇಳುತ್ತೇವೆ. ದಿನವಿಡೀ ಅಲ್ಲಿ ಇರುವವರು ಅವರೇ ಅಲ್ವಾ? ಕಲಾವಿದರು ಶನಿವಾರ, ಭಾನುವಾರ ಅಲ್ಲೇ ಕೂತು ಕೆಲಸ ಮಾಡಿದರೆ ಇನ್ನೂ ಒಳ್ಳೆಯದು. ಕುಂಚ ಹಿಡಿದವರ ಹತ್ತಿರ ಮಕ್ಕಳು ತಾವಾಗಿ ಬರುತ್ತಾರೆ, ಮಕ್ಕಳ ಹಿಂದೆ ದೊಡ್ಡವರು.

ಮಾರಾಟದಲ್ಲಿ ಒಂದು ವ್ಯತ್ಯಾಸ ಇದೆ. ಬೇರೆ ಕಡೆ ಮಾರಾಟವಾದ ಚಿತ್ರಕ್ಕೆ ಕೆಂಪು ಚುಕ್ಕೆ ಅಂಟಿಸಿ ಪ್ರದರ್ಶನ ಮುಗಿಯುವ ತನಕ ಗೋಡೆಯಲ್ಲೇ ಬಿಡುತ್ತಾರೆ. ಇಲ್ಲಿ ಕೊಂಡವರು ನಾಳೆ ಊರಿಗೆ ಹೊರಟಿರುತ್ತಾರೆ. ಅವರಿಗೆ ಈಗಲೇ ಬೇಕು. ಅದಕ್ಕೆ ಗೋಡೆಯಲ್ಲಿ ಖಾಲಿಯಾದ ಜಾಗಕ್ಕೆ ಹಾಕಲು ಪ್ರತಿಯೊಬ್ಬರೂ ಅದೇ ಅಳತೆಯ ಒಂದೆರಡು ಚಿತ್ರ ಹೆಚ್ಚಿಗೆ ಫ್ರೇಮ್ ಮಾಡಿಸಿ, ಚೀಟಿ ಸಮೇತ ಸೆಂಟರಿನಲ್ಲಿ ಇಟ್ಟಿರಬೇಕು. ದೊಡ್ಡ ಚಿತ್ರಕ್ಕಿಂತ ಕೈಚೀಲದಲ್ಲಿ ಹಿಡಿಯುವಂಥದ್ದು ಜಾಸ್ತಿ ಹೋಗುತ್ತದೆ: ಎ4 ಅಳತೆಯ ಪ್ರಿಂಟು, ಹಿಂದೆ ಗಟ್ಟಿ ರಟ್ಟು, ಮೇಲೆ ಪಾರದರ್ಶಕ ಕವರ್. ಪ್ರಿಂಟನ್ನು ಪಿಗ್ಮೆಂಟ್ ಶಾಯಿಯಲ್ಲಿ, ಆಮ್ಲರಹಿತ ಕಾಗದದ ಮೇಲೆ ಮಾಡಿಸಿ. ಮೂಲಚಿತ್ರ ಯಾವುದು, ಪ್ರಿಂಟ್ ಯಾವುದು ಅನ್ನುವುದು ಬೆಲೆಯ ಪಕ್ಕದಲ್ಲೇ ಸ್ಪಷ್ಟವಾಗಿ ಬರೆದಿರಲಿ.

ಒಪ್ಪಂದ ಬಾಯಿಮಾತಿನಲ್ಲಿ ಬೇಡ. ಕಮಿಷನ್ ಎಷ್ಟು, ಹಣ ಯಾವಾಗ ಕೈಗೆ ಬರುತ್ತದೆ, ಒಡೆದರೆ ಯಾರ ಜವಾಬ್ದಾರಿ, ವಿಮೆ ಯಾವ ದಿನದಿಂದ ಯಾವ ದಿನದವರೆಗೆ, ಇಷ್ಟು ಕಾಗದದ ಮೇಲೆ ಇರಲಿ. ಸೆಂಟರಿನವರು ನಿಮ್ಮ ಚಿತ್ರವನ್ನು ತಮ್ಮ ಕರಪತ್ರದಲ್ಲಿ ಹಾಕಲು ಕೇಳಿದರೆ ಅದನ್ನೂ ಬರೆಸಿಕೊಳ್ಳಿ. ಚಿತ್ರ ಕೊಂಡವರಿಗೆ ಚಿತ್ರ ಸಿಗುತ್ತದೆ, ಕಾಪಿರೈಟ್ ಸಾಮಾನ್ಯವಾಗಿ ಕಲಾವಿದರಲ್ಲೇ ಉಳಿಯುತ್ತದೆ. ಕಾಪಿರೈಟ್ ಕುರಿತ 1886ರ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದಲ್ಲಿರುವ ದೇಶಗಳಲ್ಲಿ ಅದಕ್ಕೆ ನೋಂದಣಿಯೂ ಬೇಕಿಲ್ಲ.

ಇಳಿಸುವ ದಿನ ನಾವು ಕೌಂಟರಿನವರ ಜೊತೆ ಮತ್ತೆ ಕೂರುತ್ತೇವೆ. ಎಷ್ಟು ಮಾರಾಟವಾಯಿತು ಅನ್ನುವುದು ರಸೀದಿ ಪುಸ್ತಕದಲ್ಲಿ ಹೇಗೂ ಇರುತ್ತದೆ. ನಾವು ಕೇಳುವುದು ಬೇರೆ. ಜನ ಯಾವ ಚಿತ್ರ ತೋರಿಸಿ ದಾರಿ ಕೇಳಿದರು? ಯಾವುದರ ಮುಂದೆ ನಿಂತು ತಮ್ಮತಮ್ಮಲ್ಲೇ ಮಾತಾಡಿದರು? ಕಳೆದ ಸಲ ಬಂದ ಉತ್ತರ, ರಾತ್ರಿಯ ಚಿತ್ರಗಳು. ಕತ್ತಲಾದ ಮೇಲೆ ಈ ಜಾಗ ಹೇಗಿರುತ್ತದೆ ಅಂತ ತುಂಬಾ ಜನ ವಿಚಾರಿಸಿದರಂತೆ. ಮುಂದಿನ ಪ್ರದರ್ಶನಕ್ಕೆ ಇಡೀ ಒಂದು ಗೋಡೆ ರಾತ್ರಿಗೇ ಕೊಡೋಣ ಅಂತ ಗುಂಪಿನಲ್ಲಿ ಮಾತಾಗಿದೆ. ಹುಣ್ಣಿಮೆ ನೋಡಿಕೊಂಡು ಎಲ್ಲರೂ ಒಟ್ಟಿಗೆ ಹೋಗಿ ಸ್ಕೆಚ್ ಮಾಡುವುದು ಅಂತ ಸದ್ಯಕ್ಕೆ ಗೊತ್ತು ಮಾಡಿಕೊಂಡಿದ್ದೇವೆ.