3 ಎಂಎಂ ಪ್ಲೇಟಲ್ಲೇ ನಿಂತ ಬ್ರಾಕೆಟ್: ನನ್ನ ಅನುಭವ

"ದಪ್ಪ ಪ್ಲೇಟು ಹಾಕಿ ಸಾರ್, ಎಲ್ಲ ಸರಿ ಹೋಗುತ್ತೆ." ನೆಲಮಂಗಲದ ನಮ್ಮ ಶೆಡ್ಡಿಗೆ ಬಂದವರೆಲ್ಲ ನಾನು ಕಟ್ಟಿದ ಟ್ರ್ಯಾಕ್ ಗಾಡಿಯ ಕೆಳಗೆ ಬಗ್ಗಿ, ಹಿಂದಿನ ಆಕ್ಸೆಲ್ ಹಿಡಿಯುವ ಬ್ರಾಕೆಟ್ ನೋಡಿ ಇದನ್ನೇ ಹೇಳಿ ಹೋದರು. 6 ಎಂಎಂ ಹಾಕಿಸಿದ್ದೂ ಆಯಿತು, ಅದು ಕಿತ್ತುಕೊಂಡು ಬಂದದ್ದೂ ಆಯಿತು. ಈಗ ಅದೇ ಜಾಗದಲ್ಲಿ 3 ಎಂಎಂ ಬ್ರಾಕೆಟ್ ಇದೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ರೇಸ್ ಟ್ರ್ಯಾಕಿನಲ್ಲಿ ದಿನವಿಡೀ ಓಡಿಸಿ ಬಂದು ಬಿಚ್ಚಿ ನೋಡಿದರೆ ಎಲ್ಲೂ ಬಿರುಕಿಲ್ಲ. 3 ಎಂಎಂ ಸಾಕಾಗಲ್ಲ ಅಂದವರಿಗೆ ಬಾಯಲ್ಲಿ ಹೇಳೋದಕ್ಕಿಂತ ಬರೆದೇ ಇಡೋಣ ಅಂತ ಕೂತಿದ್ದೇನೆ.

ಗಾಡಿ ಲೋಟಸ್ ಸೆವೆನ್ ಅನ್ನುವ ಹಳೇ ಬ್ರಿಟಿಷ್ ಹಗುರ ಸ್ಪೋರ್ಟ್ಸ್ ಕಾರಿನ ಥರದ್ದು. ಚಾಸಿ 25 ಎಂಎಂ ಚೌಕ ಪೈಪಿನದು, 16 ಗೇಜು, ಅಂದರೆ 1.6 ಎಂಎಂ ದಪ್ಪದ ಗೋಡೆ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸೆಲ್ ಮೂರೂ ಆಕ್ಸಿಡೆಂಟ್ ಆದ ಒಂದೇ ಮಾರುತಿ ಈಕೋ ವ್ಯಾನಿನವು. ಉದ್ದಕ್ಕೆ ಕೂರುವ 1.2 ಲೀಟರ್ ಎಂಜಿನ್, ಹಿಂದಿನ ಚಕ್ರಕ್ಕೆ ಡ್ರೈವ್, ನಮ್ಮಲ್ಲಿ ಸೆವೆನ್ ಕಟ್ಟೋಕೆ ಇದಕ್ಕಿಂತ ಸಲೀಸಾದ ಗಾಡಿ ಸಿಗಲ್ಲ. ತೂಕ ಸುಮಾರು 580 ಕೆಜಿ. ರಸ್ತೆಗೆ ನೋಂದಣಿ ಆಗಲ್ಲ, ಪಿಕಪ್ ಮೇಲೆ ಹಾಕಿಕೊಂಡು ಹೋಗಿ ಟ್ರ್ಯಾಕಿನಲ್ಲೇ ಓಡಿಸಬೇಕು.

ತಲೆನೋವು ಕೊಟ್ಟಿದ್ದು ಪ್ಯಾನ್‌ಹಾರ್ಡ್ ರಾಡಿನ, ಅಂದರೆ ಹಿಂದಿನ ಆಕ್ಸೆಲ್ ಅಡ್ಡಕ್ಕೆ ಸರಿಯದಂತೆ ಚಾಸಿಗೆ ಹಿಡಿದಿಡುವ ರಾಡಿನ, ಚಾಸಿ ಕಡೆಯ ಬ್ರಾಕೆಟ್. ಪೈಪಿನಿಂದ ಸುಮಾರು 150 ಎಂಎಂ ಕೆಳಗೆ ಜೋತಾಡುತ್ತೆ. ತಿರುವಿನಲ್ಲಿ ಹಿಂಭಾಗದ ಅಡ್ಡ ಲೋಡು ಪೂರ್ತಿ ಆ ಒಂದು ಬೋಲ್ಟಿಗೆ ಬರುತ್ತೆ, ಕಡಿಮೆ ಅಂದರೂ 300 ಕೆಜಿ. ಗುಂಡಿ ಸಿಕ್ಕರೆ ಇನ್ನೂ ಜಾಸ್ತಿ. ಎಡಕ್ಕೊಮ್ಮೆ ಬಲಕ್ಕೊಮ್ಮೆ, ಪ್ರತಿ ಲ್ಯಾಪಿನಲ್ಲೂ ಇದೇ ಎಳೆದಾಟ.

6 ಎಂಎಂ ಪ್ಲೇಟು ಯಾಕೆ ಸೋತಿತು ಅಂದರೆ, ಮುರಿದದ್ದು ಪ್ಲೇಟಲ್ಲ, ಪೈಪು. ಬ್ರಾಕೆಟ್ಟನ್ನು ಪೈಪಿನ ಕೆಳಮುಖದ ಮಧ್ಯಕ್ಕೆ ಅಂಟಿಸಿದ್ದರು. ಆ ಮುಖದ ದಪ್ಪ ಬರೀ 1.6 ಎಂಎಂ. ಎಣ್ಣೆ ಡಬ್ಬದ ತಗಡು ಒತ್ತಿದರೆ ಟಪ್ ಅಂತ ಒಳಗೆ ಹೋಗಿ ಹೊರಗೆ ಬರುತ್ತಲ್ಲ, ಹಾಗೆ ಉಸಿರಾಡುತ್ತಿತ್ತು. ಬ್ರಾಕೆಟ್ ಗಟ್ಟಿಯಾದಷ್ಟೂ ಬಾಗಾಟವೆಲ್ಲ ವೆಲ್ಡಿಂಗ್ ಅಂಚಿನ ಒಂದೇ ಗೆರೆಗೆ ಬಂದು ಕೂರುತ್ತೆ. ಜೊತೆಗೆ ದಪ್ಪ ಪ್ಲೇಟು ಹಿಡಿಯಲಿ ಅಂತ ಕರೆಂಟು ಏರಿಸಿದರೆ ಪೈಪಿನ ಅಂಚು ತಿಂದುಹೋಗುತ್ತೆ. ಆ ತಿಂದ ಜಾಗದಿಂದಲೇ ಬಿರುಕು ಶುರುವಾಗಿ ಪೈಪಿನ ಮುಖ ಬ್ರಾಕೆಟ್ ಸಮೇತ ಕಿತ್ತು ಬಂತು. ಬೆಂಗಳೂರಿಂದ ಪಿಕಪ್ ಬಾಡಿಗೆ, ಟ್ರ್ಯಾಕ್ ಫೀಸು, ರೂಮು ಎಲ್ಲ ಸೇರಿ ಇಪ್ಪತ್ತು ಸಾವಿರದ ಆಸುಪಾಸು ಹೋಯಿತು, ಬೆಳಗಿನ ಮೊದಲ ಸೆಷನ್ನಿಗೇ ಗಾಡಿ ನಿಂತಿತು. ಹೊಟ್ಟೆ ಉರಿಯೋದು ಅದಕ್ಕೇ. ಮುರಿದ ಭಾಗದ ಬೆಲೆ ನೂರಿನ್ನೂರು ರೂಪಾಯಿ ಕೂಡ ಇರಲಿಲ್ಲ.

ಪರಿಹಾರದ ಮೊದಲ ಸುಳಿವು ಸಿಕ್ಕಿದ್ದು ಲಾರಿ ಬಾಡಿ ಕಟ್ಟುವ ಒಬ್ಬ ಹಳೇ ಮೇಸ್ತ್ರಿಯಿಂದ. "ಚಾಸಿಗೆ ಅಡ್ಡಕ್ಕೆ ವೆಲ್ಡಿಂಗ್ ಎಳೀಬೇಡಿ ಸಾರ್, ಉದ್ದಕ್ಕೆ ಎಳೀರಿ" ಅಂದರು. ಅದನ್ನೇ ಹಿಡಿದುಕೊಂಡು ಬ್ರಾಕೆಟ್ ಪೂರ್ತಿ ಬದಲಿಸಿದೆ. ಈಗಿನದು ಯು ಆಕಾರ, ಒಳಗಿನ ಅಗಲ ಸರಿಯಾಗಿ ಪೈಪಿನಷ್ಟೇ. ಎರಡೂ ಕಿವಿಗಳು ಪೈಪಿನ ಪಕ್ಕದ ಗೋಡೆಗಳನ್ನು ಅಪ್ಪಿಕೊಂಡು ಮೇಲೆ ಹೋಗುತ್ತವೆ, ವೆಲ್ಡಿಂಗ್ ಪೈಪಿನ ಉದ್ದಕ್ಕೆ ಮಾತ್ರ. ಗಸೆಟ್ (ಮೂಲೆಗೆ ಬಲ ಕೊಡುವ ತ್ರಿಕೋನ ತಗಡು) ತುದಿಗಳು ಕ್ರಮೇಣ ಸಣ್ಣದಾಗುತ್ತಾ ಹೋಗಿ ಚೂಪಾಗಿ ಮುಗಿಯುತ್ತವೆ, ಎಲ್ಲೂ ಥಟ್ಟನೆ ನಿಲ್ಲಲ್ಲ. ಬ್ರಾಕೆಟ್ ಮೇಲ್ಭಾಗದಲ್ಲಿ ಅಡ್ಡ ಹೋಗುವ ಬೋಲ್ಟಿಗೆಂದು ಪೈಪಿನಲ್ಲಿ ತೂತು ಹೊಡೆದು ಲೇತಲ್ಲಿ ಮಾಡಿಸಿದ ಸ್ಲೀವ್ (ಸಣ್ಣ ಕೊಳವೆ) ತೂರಿಸಿ ಎರಡೂ ಕಡೆ ವೆಲ್ಡ್ ಮಾಡಿದೆ, ಬೋಲ್ಟು ಎಷ್ಟು ಬಿಗಿದರೂ ಪೈಪು ಒಳಗೆ ಕುಸಿಯಲ್ಲ. ಕೊನೆಗೆ, ಎಲ್ಲಕ್ಕಿಂತ ಮುಖ್ಯವಾಗಿ, ಬ್ರಾಕೆಟ್ಟಿನ ಕೆಳತುದಿಯಿಂದ ಚಾಸಿಯ ಎದುರು ಬದಿಯ ಮೇಲಿನ ಮೂಲೆಗೆ ಒಂದು 19 ಎಂಎಂ ದುಂಡು ಪೈಪನ್ನು ಓರೆಯಾಗಿ ಎಳೆದೆ. ಸೇರಿದ್ದು ಒಂದು ಕೆಜಿ ಕೂಡ ಇಲ್ಲ. ಅಡ್ಡ ಲೋಡು ಈಗ ಬ್ರಾಕೆಟ್ಟನ್ನು ಬಾಗಿಸಲ್ಲ, ಆ ಪೈಪನ್ನು ನೇರ ಎಳೆಯುತ್ತೆ ಇಲ್ಲವೇ ಒತ್ತುತ್ತೆ.

ಗಾಡಿಗೆ ಹಾಕೋ ಮುಂಚೆ ತುಂಡು ಪೈಪುಗಳ ಮೇಲೆ ಪರೀಕ್ಷೆ ಮಾಡಿದೆ. ಉದ್ದನೆ ಕಬ್ಬಿಣದ ಪೈಪು ಸನ್ನೆಗೋಲು ಮಾಡಿ, ಒಂದಕ್ಕೆ ಮೂರರ ಲೆಕ್ಕದಲ್ಲಿ, ಅಂದರೆ ತುದಿಯ ತೂಕದ ಮೂರುಪಟ್ಟು ಬ್ರಾಕೆಟ್ಟಿಗೆ ಬೀಳುವಂತೆ, ತುದಿಗೆ 50 ಕೆಜಿ ಸಿಮೆಂಟ್ ಮೂಟೆಗಳನ್ನು ಒಂದೊಂದಾಗಿ ನೇತುಹಾಕಿದೆ. ಹಳೇ ಮಾದರಿ ಮೂರನೇ ಮೂಟೆಗೇ ಪೈಪಿನ ಮುಖ ತಗ್ಗಾಗಿ ಉಳಿಯಿತು. ಹೊಸದು, ಅದೂ ಓರೆ ಪೈಪಿಲ್ಲದೆ, ಆರು ಮೂಟೆ ಹೊತ್ತು ಇಳಿಸಿದ ಮೇಲೆ ಮೊದಲಿನ ಜಾಗಕ್ಕೇ ವಾಪಸ್ ಬಂತು. ನಿಂತ ಲೋಡು ಬೇರೆ, ಟ್ರ್ಯಾಕಿನ ಜಗ್ಗಾಟ ಬೇರೆ, ಅದು ನಿಮಗೂ ಗೊತ್ತು. ಆದರೂ ಯಾವುದು ಮೊದಲು ಸೋಲುತ್ತೆ ಅಂತ ಕಣ್ಣಿಗೆ ಕಂಡಿತಲ್ಲ.

ಇದೇ ಗುಂಗಿನಲ್ಲಿ ಗ್ಯಾಸ್ ಸೆಟ್ ತರಿಸಿ ಹಿತ್ತಾಳೆ ಬೆಸುಗೆಯನ್ನೂ ಒಂದು ತುಂಡಿನ ಮೇಲೆ ನೋಡಿದೆ. ಚೆನ್ನಾಗಿಯೇ ಹಿಡಿಯಿತು, ಪೈಪಿಗೆ ಬಿಸಿಯೂ ಕಡಿಮೆ. ಆದರೆ ಒಮ್ಮೆ ಹಿತ್ತಾಳೆ ತಾಗಿದ ಜಾಗಕ್ಕೆ ಮುಂದೆ ಸಿಓಟೂ ವೆಲ್ಡಿಂಗ್ (ಗ್ಯಾಸ್ ಹಾಯಿಸಿ ತಂತಿ ಕರಗಿಸುವ ವೆಲ್ಡಿಂಗ್) ಮಾಡುವ ಹಾಗಿಲ್ಲ, ಬಿರುಕು ಬಿಡುತ್ತೆ. ಪ್ರಯೋಗ ಇನ್ನೂ ನಡೀತಿರುವ ಗಾಡಿಗೆ ಅದು ಬೇಡ ಅಂತ ಬಿಟ್ಟೆ. ವೆಲ್ಡಿಂಗ್ ಎಲ್ಲ ಸಿಓಟೂ, 0.8 ಎಂಎಂ ತಂತಿಯಲ್ಲೇ. ಟ್ಯಾಕ್ (ಮೊದಲು ಹಿಡಿದಿಡಲು ಹಾಕುವ ಚುಕ್ಕಿ ವೆಲ್ಡಿಂಗ್) ಯಾವ ಕ್ರಮದಲ್ಲಿ ಹಾಕಿದರೆ ತೂತುಗಳು ಜರುಗಲ್ಲ ಅನ್ನೋದನ್ನು ಇಲ್ಲಿ ಬರೆಯಲ್ಲ. ಅದಕ್ಕೆ ತುಂಬಾ ಪೈಪು ಹಾಳು ಮಾಡಿದ್ದೇನೆ, ಶೆಡ್ಡಿಗೆ ಬಂದರೆ ತೋರಿಸುತ್ತೇನೆ. ಗಸೆಟ್ಟಿನ ಅಳತೆಯೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಖರ್ಚು ನೆನಪಿದ್ದ ಹಾಗೆ: ಪೀಣ್ಯದಲ್ಲಿ ಲೇಸರ್ ಕಟಿಂಗ್ ಸುಮಾರು 1,800, ಸ್ಲೀವುಗಳಿಗೆ ಲೇತ್ ಕೂಲಿ ಐದಾರು ನೂರು, ಬಿರುಕು ಹುಡುಕುವ ಮೂರು ಡಬ್ಬಿಯ ಕೆಂಪು ಬಣ್ಣದ ಕಿಟ್ ಸಾವಿರದ ಮೇಲೆ ಚಿಲ್ಲರೆ. ಕಿಟ್ ದುಬಾರಿ ಅನಿಸಿದರೆ ಸೀಮೆಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಸುಣ್ಣದ ಪುಡಿ ಬಳಿಯಿರಿ. ಬಿರುಕಿದ್ದರೆ ಎಣ್ಣೆ ಗೆರೆಯಾಗಿ ಮೇಲೆ ಬರುತ್ತೆ. ಸಣ್ಣ ಕೂದಲೆಳೆ ಬಿರುಕಿಗೆ ಮಾತ್ರ ಕಿಟ್ಟೇ ಬೇಕು.

ಪೌಡರ್ ಕೋಟಿಂಗ್ ಮಾಡಿಸಿಲ್ಲ, ಮಾಡಿಸೋದೂ ಇಲ್ಲ. ದಪ್ಪ ಕೋಟಿಂಗ್ ಕೆಳಗೆ ಬಿರುಕು ಅಡಗಿ ಕೂರುತ್ತೆ. ತೆಳುವಾಗಿ ತಿಳಿ ಬೂದು ಪೇಂಟು ಹೊಡೆದಿದ್ದೇನೆ, ಬಿರುಕು ಬಿಟ್ಟರೆ ತುಕ್ಕಿನ ಗೆರೆ ತಕ್ಷಣ ಕಾಣುತ್ತೆ. ಆಕ್ಸೆಲ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಟ್ರೇಲಿಂಗ್ ಆರ್ಮ್ ಬ್ರಾಕೆಟ್‌ಗಳನ್ನೂ ಇದೇ ಯು ಮಾದರಿಗೆ ಬದಲಿಸುತ್ತಿದ್ದೇನೆ, ಒಂದು ಬದಿ ಮುಗಿದಿದೆ. ಮುಂದಿನ ಚಕ್ರ ಹಿಡಿಯುವ ವಿಶ್‌ಬೋನ್‌ಗಳದ್ದು ಆಮೇಲೆ, ಅಲ್ಲಿ ಪೈಪುಗಳು ಸೇರುವ ಗಂಟಿನ ಹತ್ತಿರವೇ ಬ್ರಾಕೆಟ್ ಇರೋದರಿಂದ ಇಷ್ಟು ಅವಸರ ಇಲ್ಲ.