ಹತ್ತಿ ಸ್ವೆಟರ್‌ನ ಕೊರಳು ಜಾರಿದಾಗ: ನನ್ನ ಅನುಭವ

ಕೊರಳಿನಿಂದ ಕೆಳಮುಖವಾಗಿ, ಎಲ್ಲಿಯೂ ಹೊಲಿಗೆಯ ಜೋಡಣೆ ಬಾರದಂತೆ, 4 ಮಿಲಿಮೀಟರ್ ಕಡ್ಡಿಯಲ್ಲಿ ಹೆಣೆದ ನನ್ನ ಅರ್ಧತೋಳಿನ ಹತ್ತಿ ಸ್ವೆಟರ್ ಮೊದಲ ಸಲ ತೊಟ್ಟಾಗ ಅಳತೆಗೆ ಸರಿಯಾಗಿಯೇ ಕೂತಿತ್ತು. ಆದರೆ ಒಗೆದು ತಂತಿಯ ಮೇಲೆ ಹಾಕಿದ ಮೇಲೆ ಕೊರಳು ಅಗಲವಾಗಿ ಭುಜದಿಂದ ಜಾರತೊಡಗಿತು, ಕೆಳ ಅಂಚು ನಾಲ್ಕು ಬೆರಳಿನಷ್ಟು ಇಳಿಯಿತು. ಉಣ್ಣೆಯಂತೆ ಹಿಗ್ಗಿ ಮತ್ತೆ ಕುಗ್ಗುವ ಗುಣ ಹತ್ತಿಗಿಲ್ಲ. ನೀರು ಹೀರಿದ ನೂಲಿನ ಭಾರವೂ ಹೆಣಿಗೆಯನ್ನು ಎಳೆಯುತ್ತದೆ. ಅಳತೆ ಲೆಕ್ಕ ಹಾಕಲು ಮೊದಲೇ ಹೆಣೆದುಕೊಳ್ಳುವ ಸಣ್ಣ ಮಾದರಿ ತುಂಡನ್ನು ಒಗೆಯದೆಯೇ ಅಳೆದದ್ದು ನನ್ನ ತಪ್ಪು.

ಉದ್ದವನ್ನು ಸರಿಪಡಿಸುವುದು ಸುಲಭವಾಯಿತು. ಮೇಲಿನಿಂದ ಹೆಣೆದಾಗ ಮುಗಿಸುವ ಗಂಟು ಕೆಳ ಅಂಚಿನಲ್ಲೇ ಇರುವುದರಿಂದ, ಅದನ್ನು ಬಿಚ್ಚಿ, ಹೆಚ್ಚಿನ ಸಾಲುಗಳನ್ನು ಕಳಚಿ, ಅಂಚನ್ನು ಮತ್ತೆ ಹೆಣೆದೆ. ಕೊರಳಿಗೆ ಹೆಚ್ಚು ತಾಳ್ಮೆ ಬೇಕಾಯಿತು. 3.25 ಮಿಲಿಮೀಟರ್ ಕಡ್ಡಿಯಿಂದ ಸುತ್ತಲೂ 96 ಕುಣಿಕೆಗಳನ್ನು ಎತ್ತಿಕೊಂಡು, ಮೊದಲ ಸುತ್ತಿನಲ್ಲಿ ಎಂಟೆಂಟು ಕುಣಿಕೆಗಳ ಕೊನೆಯ ಎರಡನ್ನು ಒಟ್ಟಿಗೆ ಹೆಣೆದು 84ಕ್ಕೆ ಇಳಿಸಿ, ಒಂದು ಸೀದಾ ಒಂದು ಉಲ್ಟಾದಂತೆ ಆರು ಸುತ್ತು ಹಾಕಿದೆ. ಎತ್ತಿಕೊಳ್ಳುವಾಗ ಅಂಚಿನ ಒಂದೇ ಎಳೆಗೆ ಕಡ್ಡಿ ಚುಚ್ಚಿದಲ್ಲೆಲ್ಲ ಸಣ್ಣ ತೂತು ಬಿದ್ದಿತ್ತು. ಅದನ್ನು ಬಿಚ್ಚಿ ಎರಡೂ ಎಳೆಗಳ ಕೆಳಗಿನಿಂದ ನೂಲನ್ನು ಎಳೆದಾಗಲೇ ಅಂಚು ಬಿಗಿಯಾಗಿ ನಿಂತಿತು.

ಈಗ ಒಗೆದ ಮೇಲೆ ಹಿಂಡದೆ, ಟವೆಲ್‌ನಲ್ಲಿ ಸುತ್ತಿ ನೀರನ್ನು ಒತ್ತಿ ತೆಗೆದು, ಚಾಪೆಯ ಮೇಲೆ ಹರಡಿ ನೆರಳಿನಲ್ಲಿ ಒಣಗಿಸುತ್ತೇನೆ. ಮೂರು ಸಲ ಒಗೆದರೂ ಕೊರಳು ಸಡಿಲವಾಗಿಲ್ಲ.