ಗಾಡಿ ಹೊರಡುವ ಮುನ್ನ ಫೋನಿನ ಬಾಯಿ ಮುಚ್ಚಿಸುವುದು ಹೇಗೆ?

ಫೋನನ್ನು ಕೈಗೆತ್ತಿಕೊಳ್ಳದಿದ್ದರೆ ಸಾಕು ಎಂದುಕೊಂಡಿರುವ ಚಾಲಕರೇ ಹೆಚ್ಚು. ಅಷ್ಟು ಸಾಲದು. ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಗಮನವಿಟ್ಟು ಮಾಡುವ ಕೆಲಸವೊಂದನ್ನು ಜನರಿಗೆ ಕೊಟ್ಟು, ನಡುವೆ ಅವರ ಫೋನಿಗೆ ಕರೆ, ಮೆಸೇಜು ಕಳಿಸಿ ನೋಡಿದರು. ಫೋನು ಮುಟ್ಟದಿದ್ದರೂ ತಪ್ಪುಗಳು ಹೆಚ್ಚಾದವು. ಈ ಅಧ್ಯಯನ ಪ್ರಕಟವಾದದ್ದು 2015ರಲ್ಲಿ. ಸದ್ದು ಕೇಳಿದ ಕೂಡಲೇ ಮನಸ್ಸು 'ಯಾರದ್ದಿರಬಹುದು' ಎಂದು ಅತ್ತ ಹೊರಳಿಬಿಡುತ್ತದೆ. ಓಡಿಸುತ್ತಾ 'ನೋಡಬಾರದು, ನೋಡಬಾರದು' ಎಂದು ಬಿಗಿಹಿಡಿಯುವ ಬದಲು, ಸದ್ದೇ ಬಾರದಂತೆ ಮಾಡಿ ಹೊರಡುವುದು ಮೇಲು.

ಮನೆಯಲ್ಲೇ ಕೂತು, ಒಮ್ಮೆ ಮಾಡುವ ಕೆಲಸ

ಐಫೋನಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಫೋಕಸ್ ಒತ್ತಿ, ಅದರೊಳಗೆ ಗಾಡಿ ಓಡಿಸುವಾಗ ಸದ್ದು ತಡೆಯುವ 'ಡ್ರೈವಿಂಗ್' ಆಯ್ದುಕೊಳ್ಳಿ. ಪಟ್ಟಿಯಲ್ಲಿ ಕಾಣದಿದ್ದರೆ ಪ್ಲಸ್ ಗುರುತು ಒತ್ತಿ ಸೇರಿಸಿ. ಇದು ಯಾವಾಗ ಶುರುವಾಗಬೇಕು ಎಂಬಲ್ಲಿ ಎಚ್ಚರ ಬೇಕು. 'ಆಟೊಮ್ಯಾಟಿಕಲಿ' ಎಂದಿಟ್ಟರೆ ಫೋನು ಚಲನೆಯನ್ನು ನೋಡಿ ತಾನೇ ಊಹಿಸುತ್ತದೆ. ನೀವು ಬಸ್ಸಿನಲ್ಲಿ ಕೂತಿದ್ದರೂ ಮೌನವಾಗುತ್ತದೆ. ಆಗೆಲ್ಲ 'ನಾನು ಓಡಿಸುತ್ತಿಲ್ಲ' ಎಂಬ ಗುಂಡಿ ಒತ್ತಿ ಒತ್ತಿ ರೂಢಿಯಾದರೆ, ಸ್ಟಿಯರಿಂಗ್ ಹಿಡಿದಾಗಲೂ ಬೆರಳು ಅಲ್ಲಿಗೇ ಹೋಗುತ್ತದೆ. ಕಾರಿನಲ್ಲಿ ಬ್ಲೂಟೂತ್ ಇದ್ದರೆ, ಅದಕ್ಕೆ ಸೇರಿಕೊಂಡಾಗ ಶುರುವಾಗುವ ಆಯ್ಕೆಯೇ ಒಳ್ಳೆಯದು.

ಆಂಡ್ರಾಯ್ಡ್ ಫೋನುಗಳಲ್ಲಿ ಇದರ ಜಾಗ ಕಂಪನಿಗೊಂದು. ಸ್ಯಾಮ್‌ಸಂಗ್‌ನಲ್ಲಿ 'ಮೋಡ್ಸ್ ಅಂಡ್ ರುಟೀನ್ಸ್' ಒಳಗಿದೆ. ಉಳಿದವುಗಳಲ್ಲಿ ಸೆಟ್ಟಿಂಗ್ಸ್‌ನ ಹುಡುಕಾಟದ ಪಟ್ಟಿಯಲ್ಲಿ 'ಡ್ರೈವಿಂಗ್' ಎಂದು ಟೈಪ್ ಮಾಡಿ. ಏನೂ ಸಿಗದಿದ್ದರೆ 'ಡು ನಾಟ್ ಡಿಸ್ಟರ್ಬ್' ಸಾಕು.

ಇಷ್ಟು ಮಾಡಿದ ಅನೇಕರು ವಾರದೊಳಗೆ ಅದನ್ನು ಆಫ್ ಮಾಡಿಬಿಡುತ್ತಾರೆ. ಮನೆಯಲ್ಲಿ ಏನಾದರೂ ಆದರೆ ಕರೆ ಸಿಗುವುದಿಲ್ಲವಲ್ಲ ಎಂಬ ಭಯ. ಆ ಭಯ ಸಹಜ, ಅದಕ್ಕೆ ದಾರಿಯೂ ಇದೆ. ಪದೇಪದೇ ಬರುವ ಕರೆಗಳನ್ನು ಒಳಬಿಡುವ ಆಯ್ಕೆಯನ್ನು ಆನ್ ಮಾಡಿಡಿ. ಐಫೋನಿನಲ್ಲಿ ಅದೇ ವ್ಯಕ್ತಿ 3 ನಿಮಿಷದೊಳಗೆ ಎರಡನೇ ಸಲ ಕರೆ ಮಾಡಿದರೆ ಫೋನು ರಿಂಗಾಗುತ್ತದೆ. ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ 15 ನಿಮಿಷದೊಳಗೆ. ತುರ್ತಾಗಿದ್ದರೆ ಮಾತ್ರ ಎರಡನೇ ಸಲ ಮಾಡಿ ಎಂದು ಮನೆಯವರಿಗೆ ಹೇಳಿಡಿ. ಹಾಗೆ ರಿಂಗಾದರೂ ಉತ್ತರಿಸಬೇಕಾದದ್ದು ಗಾಡಿ ನಿಲ್ಲಿಸಿದ ಮೇಲೆಯೇ.

ಐಫೋನಿನ 'ಆಟೊ ರಿಪ್ಲೈ'ಯಲ್ಲಿ 'ಗಾಡಿ ಓಡಿಸ್ತಿದ್ದೇನೆ, ತಲುಪಿದ ಮೇಲೆ ಮಾತಾಡ್ತೇನೆ' ಎಂದು ಬರೆದಿಡಬಹುದು. ಆದರೆ ಈ ಉತ್ತರ ಹೋಗುವುದು ಫೋನಿನದೇ ಮೆಸೇಜುಗಳಿಗೆ, ವಾಟ್ಸ್‌ಆ್ಯಪ್‌ಗೆ ಹೋಗುವುದಿಲ್ಲ. ಕೈಗೆ ಸ್ಮಾರ್ಟ್‌ವಾಚ್ ಕಟ್ಟುವವರು ಅದನ್ನೂ ಮೌನಕ್ಕೆ ಹಾಕಿದ್ದೀರಾ ನೋಡಿಕೊಳ್ಳಿ. ಮಣಿಕಟ್ಟಿನ ಮೇಲೆ ನಡುಗುವ ಮೆಸೇಜು ಜೇಬಿನಲ್ಲಿರುವ ಫೋನಿಗಿಂತ ಹೆಚ್ಚು ಕಾಡುತ್ತದೆ.

ಎಲ್ಲ ಆದ ಮೇಲೆ, ನಿಂತ ಕಾರಿನಲ್ಲಿ ಕೂತು ಇನ್ನೊಂದು ಫೋನಿನಿಂದ ಒಂದು ಮೆಸೇಜು, ಒಂದು ಕರೆ ಮಾಡಿ ಪರೀಕ್ಷಿಸಿ. ಫೋನು ಮೌನವಾಗಿದ್ದರೂ ಕರೆ ಕಾರಿನ ಸ್ಪೀಕರಿನಲ್ಲಿ ಮೊಳಗುವುದುಂಟು.

ಹೊರಡುವ ಮುನ್ನ

ಹೋಗಬೇಕಾದ ಜಾಗವನ್ನು ಮ್ಯಾಪಿನಲ್ಲಿ ಹಾಕಿ, ದಾರಿ ಒಮ್ಮೆ ಪೂರ್ತಿ ನೋಡಿ, ಆಮೇಲೆ ಕಾರು ಸ್ಟಾರ್ಟ್ ಮಾಡಿ. ನೆಟ್‌ವರ್ಕ್ ಸಿಗದ ದಾರಿಯಾದರೆ ಆಫ್‌ಲೈನ್ ಮ್ಯಾಪನ್ನು ಮೊದಲೇ ಇಳಿಸಿಕೊಳ್ಳಿ. ಹಾಡಿನ ಪಟ್ಟಿಯನ್ನೂ ಈಗಲೇ ಹಾಕಿ.

ಮ್ಯಾಪಿನ ದನಿ ಕೇಳಿಸದಿದ್ದರೆ ಕಣ್ಣು ಸ್ಕ್ರೀನಿಗೆ ಹೋಗಿಯೇ ಹೋಗುತ್ತದೆ. ಇದಕ್ಕೆ ಮಾಮೂಲಿ ಕಾರಣವೊಂದಿದೆ: ಫೋನು ದನಿಯನ್ನು ಬ್ಲೂಟೂತ್‌ಗೆ ಕಳಿಸುತ್ತಿರುತ್ತದೆ, ಕಾರಿನ ಸ್ಟೀರಿಯೊ ಎಫ್‌ಎಂ ಹಾಡುತ್ತಿರುತ್ತದೆ. ಸ್ಟೀರಿಯೊವನ್ನು ಬ್ಲೂಟೂತ್‌ಗೆ ಬದಲಿಸಿ. ಎಫ್‌ಎಂ ಬೇಕೇ ಬೇಕೆಂದರೆ ಮ್ಯಾಪಿನ ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ಮೂಲಕ ದನಿ ನುಡಿಸುವ ಆಯ್ಕೆಯನ್ನು ಆಫ್ ಮಾಡಿ, ಫೋನಿನ ಸ್ಪೀಕರಿನಿಂದಲೇ ಕೇಳಿ.

ಮ್ಯಾಪ್ ಬೇಡದ ದಿನ ಫೋನು ಬ್ಯಾಗಿನಲ್ಲಿ, ಬ್ಯಾಗು ಹಿಂದಿನ ಸೀಟಿನಲ್ಲಿ ಇರಲಿ. ತೊಡೆಯ ಮೇಲಿಟ್ಟ ಫೋನು ಬ್ರೇಕ್ ಹಾಕಿದಾಗ ಜಾರಿ ಪೆಡಲಿನ ಕೆಳಗೆ ಸೇರಬಹುದು. ಮ್ಯಾಪ್ ಬೇಕಾದರೆ ಹೋಲ್ಡರ್ ಬಳಸಿ; ಅದು ಗಾಜಿನಾಚೆಯ ನೋಟಕ್ಕೆ ಅಡ್ಡ ಬರಬಾರದು, ಏರ್‌ಬ್ಯಾಗ್ ತೆರೆದುಕೊಳ್ಳುವ ಜಾಗದಲ್ಲಿಯೂ ಇರಬಾರದು. ನೇರ ಬಿಸಿಲಿಗೆ ಬಿದ್ದರೆ ಫೋನು ಕಾದು ಸ್ಕ್ರೀನ್ ಮಂಕಾಗುತ್ತದೆ. ಗಾಜಿಗೆ ಅಂಟಿಸುವ ರಬ್ಬರ್ ಕಪ್ ಕೂಡ ಬಿಸಿಲಿಗೆ ಸಡಿಲವಾಗುತ್ತದೆ.

ದಾರಿಯಲ್ಲಿ

ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ 2013ರಲ್ಲಿ ಕಾರು ತಯಾರಕರಿಗೆ ಕೊಟ್ಟ ಮಾರ್ಗಸೂಚಿಯಲ್ಲಿ, ಕಾರಿನ ಸ್ಕ್ರೀನನ್ನು ಒಮ್ಮೆ ನೋಡುವುದು 2 ಸೆಕೆಂಡು ಮೀರದಂತಿರಬೇಕು ಎಂದಿದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಆ 2 ಸೆಕೆಂಡಿಗೇ ಕಾರು 44 ಮೀಟರ್ ಸಾಗಿರುತ್ತದೆ.

ಹ್ಯಾಂಡ್ಸ್‌ಫ್ರೀ ಇದ್ದರೆ ತೊಂದರೆಯಿಲ್ಲ ಎನ್ನುವುದೂ ಸರಿಯಲ್ಲ. ಕೈ ಬಿಡುವಾಗುತ್ತದೆ, ತಲೆ ಬಿಡುವಾಗುವುದಿಲ್ಲ. ಪಕ್ಕದಲ್ಲಿ ಕೂತವರು ಮುಂದೆ ತಿರುವು ಬಂದಾಗ ತಾವೇ ಮಾತು ನಿಲ್ಲಿಸುತ್ತಾರೆ, ಫೋನಿನಾಚೆಯವರಿಗೆ ರಸ್ತೆ ಕಾಣುವುದಿಲ್ಲ. ಅಮೆರಿಕದ ವಾಹನ ಚಾಲಕರ ಸಂಘ ಎಎಎಯ ರಸ್ತೆ ಸುರಕ್ಷತಾ ಫೌಂಡೇಶನ್‌ಗಾಗಿ ಅಲ್ಲಿನ ಯೂಟಾ ವಿಶ್ವವಿದ್ಯಾಲಯ 2015ರಲ್ಲಿ ನಡೆಸಿದ ಅಧ್ಯಯನದ ಪ್ರಕಾರ, ದನಿಯ ಆಜ್ಞೆ ಕೊಟ್ಟು ಮುಗಿಸಿದ ಮೇಲೂ ಗಮನ ಪೂರ್ತಿ ರಸ್ತೆಗೆ ಮರಳಲು 27 ಸೆಕೆಂಡಿನವರೆಗೂ ಹಿಡಿಯಬಹುದು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಅದು 300 ಮೀಟರ್. ಕೆಂಪು ದೀಪದಲ್ಲಿ ನಿಂತು ಮೆಸೇಜು ಓದಬಾರದೆನ್ನುವುದು ಇದಕ್ಕೇ: ಹಸಿರು ಬಿದ್ದು ಗಾಡಿ ಹೊರಟರೂ ಮನಸ್ಸು ಆ ಮೆಸೇಜಿನಲ್ಲೇ ಇರುತ್ತದೆ.

ಮಾತಾಡಲೇಬೇಕಾದಾಗ ಪೆಟ್ರೋಲ್ ಬಂಕ್ ಅಥವಾ ಪಾರ್ಕಿಂಗ್ ಜಾಗಕ್ಕೆ ಹೋಗಿ ನಿಲ್ಲಿಸಿ. ಹೆದ್ದಾರಿಯ ಅಂಚಿನಲ್ಲಿ ನಿಂತ ಕಾರಿಗೆ ಹಿಂದಿನಿಂದ ಬಂದ ಗಾಡಿ ಗುದ್ದುವ ಅಪಾಯವಿದೆ.

ಬೈಕ್, ಸ್ಕೂಟರ್ ಸವಾರರಿಗೆ

ಹೆಲ್ಮೆಟ್ಟಿನ ಸಂದಿಗೆ ಫೋನು ತುರುಕಿ ಮಾತಾಡುವುದನ್ನು ಇಂದೇ ಬಿಡಿ. ಅದು ಜಾರಿದರೆ ಕೈ ತಾನಾಗಿ ಹ್ಯಾಂಡಲ್ ಬಿಟ್ಟು ಅತ್ತ ಹೋಗುತ್ತದೆ. ಬ್ಲೂಟೂತ್ ಇಲ್ಲದ ಗಾಡಿಯಾದರೆ ಡ್ರೈವಿಂಗ್ ಮೋಡನ್ನು ಕೈಯಾರೆ ಹಾಕಬೇಕು. ಹೆಲ್ಮೆಟ್ ಹಾಕುವ ಮುನ್ನ ಎಂದು ರೂಢಿ ಮಾಡಿಕೊಳ್ಳಿ. ಹ್ಯಾಂಡಲಿಗೆ ಫೋನು ಕಟ್ಟುವವರು ಗಮನಿಸಿ: ದೊಡ್ಡ ಎಂಜಿನ್ನಿನ ಬೈಕಿನ ನಡುಕದಿಂದ ಕ್ಯಾಮೆರಾ ಹಾಳಾಗಬಹುದೆಂದು ಆಪಲ್ 2021ರಲ್ಲೇ ಎಚ್ಚರಿಸಿದೆ.

ಕರೆ ಮಾಡುವವರ ಪಾತ್ರವೂ ಸಣ್ಣದಲ್ಲ. ಆಚೆಯಿಂದ ಹಾರ್ನ್ ಕೇಳಿಸಿದರೆ 'ಗಾಡಿ ಓಡಿಸ್ತಿದ್ದೀರಾ?' ಎಂದು ಕೇಳಿ. ಹೌದೆಂದರೆ, ಆಮೇಲೆ ಮಾಡುತ್ತೇನೆಂದು ಅಲ್ಲೇ ಇಟ್ಟುಬಿಡಿ.